ದುಭಾಷಿಯ ಕತ್ತೆ

—ಅಧಿಕಾರಿ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು, ಟಪ್ ಅಂತು, ಈಗ ಕೇಳುತ್ತಾರೆ, ಕೇಳಿಯೇಬಿಡುತ್ತಾರೆ ಎಂದುಕೊಂಡು ದುಭಾಷಿ ಹುಡುಗಿ ಮೇಜಿನಂಚಿನಲ್ಲಿ ಎದ್ದಿದ್ದ ಸಿಬಿರನ್ನು ಉಗುರಿನಿಂದ ಕೀಳುತ್ತ ಕುಳಿತಳು, ಕೇಳಲಿಲ್ಲ, ಕಡತದ ಹಾಳೆ ತಿರುವಿದರು ಅಷ್ಟೆ. ಈ ಅಧಿಕಾರಿಗೆ ಕಚೇರಿಯಲ್ಲೆಲ್ಲ ತಾರೀಖುರಾಯರು ಎಂದೇ ಹೆಸರು, ಮನೆ ಸುಟ್ಟಿತು ಎಂದರೆ ಯಾವ ತಾರೀಖು, ಮಗ ಮರಳಲಿಲ್ಲ ಎಂದರೆ ಯಾವ ತಾರೀಖಿನಿಂದ, ಕೆಟ್ಟವರೇನಲ್ಲ ಪಾಪ, ಬಂದವರಿಗೆಲ್ಲ ಮೊದಲು ನೀರು ಕೊಡುತ್ತಾರೆ, ಕಣ್ಣೊರೆಸಿಕೊಳ್ಳಲು ಕಾಗದದ ಕರವಸ್ತ್ರದ ಡಬ್ಬಿಯನ್ನೂ ಮುಂದೆ ತಳ್ಳುತ್ತಾರೆ, ಯಾರೂ ಅಳದ ದಿನ ತಾವೇ ಮೂಗು ಸೀಟಿಕೊಳ್ಳುತ್ತಾರೆ. ಅವರ ತಲೆಯ ಮೇಲೆ ಗೋಡೆಯಲ್ಲಿ ನೀಲಿ ಭಿತ್ತಿಪತ್ರ, ಎರಡು ಅಂಗೈಗಳ ನಡುವೆ ಒಂದು ಪುಟ್ಟ ಮನೆ, ಪ್ರತಿಯೊಬ್ಬರಿಗೂ ಆಶ್ರಯ ಕೋರುವ ಹಕ್ಕಿದೆ ಎಂದು ಸಾಲು ಸಾಲು ಭಾಷೆಗಳಲ್ಲಿ, ಅದರ ಕೆಳಗೆ ಒಂದೇ ಭಾಷೆಯಲ್ಲಿ, ಕುರ್ಚಿಗಳನ್ನು ಹೊರಗೊಯ್ಯಬಾರದು. ಲೋಕದ ದೇಶಗಳೆಲ್ಲ ಸೇರಿ ಕಟ್ಟಿದ ಸಂಸ್ಥೆ, ಆದರೂ ಕುರ್ಚಿ ಸಾಲದು, ಅದಕ್ಕೇ ಇವತ್ತಿನ ಅರ್ಜಿದಾರಳಾಗಿ ಮೇಜಿನೆದುರು ಕುಳಿತ ಮುದುಕಮ್ಮನ ಗಂಡ ಹೊರಗೆ ನೆಲದ ಮೇಲೆ ಕುಳಿತಿದ್ದಾನೆ, ಬಾಗಿಲ ಗಾಜಿನ ಕೆಳಭಾಗದಲ್ಲಿ ಅವನ ಬಕ್ಕತಲೆ ಮಾತ್ರ ಸೂರ್ಯೋದಯದಂತೆ ಕಾಣುತ್ತದೆ, ಎರಡೂ ಕಾಲು ಬಿದ್ದುಹೋಗಿವೆ ಎಂದು ವೈದ್ಯರ ಚೀಟಿ ಇದೆ, ಕಿವಿಯಂತೂ ಯಾವ ಚೀಟಿಯೂ ಬೇಡದಷ್ಟು ಮಂದ. ಆಯ್ತೇನೇ, ಎಂದು ಆಗಾಗ ಹೊರಗಿನಿಂದ ಕೂಗುತ್ತಾನೆ. ಇನ್ನೂ ಶುರುವೇ ಆಗಿಲ್ಲ ಸುಮ್ನಿರಿ, ಎಂದು ಮುದುಕಮ್ಮ ಒಳಗಿನಿಂದ ಕೂಗುತ್ತಾಳೆ, ಅದನ್ನೂ ದುಭಾಷಿ ಭಾಷಾಂತರಿಸಬೇಕು, ಇನ್ನೂ ಶುರುವಾಗಿಲ್ಲ, ಸುಮ್ಮನಿರಿ ಸ್ವಾಮಿ, ತಾರೀಖುರಾಯರು ಬೆಚ್ಚಿ ಪೆನ್ನು ಕೆಳಗಿಟ್ಟರು.

ಏಕೆಂದರೆ ನಿಯಮವೇ ಹಾಗೆ, ಕೋಣೆಯಲ್ಲಿ ಬಿದ್ದ ಮಾತೆಲ್ಲ ಆಚೆ ದಡ ಮುಟ್ಟಬೇಕು. ಕೆಲಸಕ್ಕೆ ಸೇರಿದ ದಿನ ಹಿರಿಯ ದುಭಾಷಿಯಮ್ಮ ಕೂರಿಸಿಕೊಂಡು ಹೇಳಿದ್ದರು, ನೋಡಮ್ಮಾ, ಅವರು ನಾನು ಅಂದ್ರೆ ನೀನೂ ನಾನು ಅನ್ನು, ಅವರು ಹೀಗಂತಾರೆ ಅಂತ ಬಾಲ ಹಚ್ಚಬೇಡ, ಕೂಡಿಸ್ಬೇಡ, ಕಳೀಬೇಡ, ಅಕಸ್ಮಾತ್ ನಿನ್ನದೇ ಮಾತು ಏನಾದ್ರೂ ಇದ್ರೆ ದುಭಾಷಿ ಹೇಳ್ತಿದಾಳೆ ಅಂತ ಶುರುಮಾಡು, ಈ ಕೋಣೇಲಿ ನಿನಗೆ ನಾನು ಅನ್ನೋದೇ ಇಲ್ಲ, ತಿಳೀತಾ. ತಿಳಿಯಿತು, ಅಂದಿನಿಂದ ದಿನವೂ ಬೆಳಗ್ಗೆ ಅವಳು ಕ್ಷೌರಿಕ, ನನ್ನ ಮೀಸೆ ಸುಟ್ಟರು ಸ್ವಾಮಿ, ಮಧ್ಯಾಹ್ನ ತುಂಬು ಗರ್ಭಿಣಿ, ಸಂಜೆ ನಿವೃತ್ತ ಶಾಲಾಮಾಸ್ತರ, ಮನೆಗೆ ಹೋಗಿ ಊಟಕ್ಕೆ ಕುಳಿತು ಏನೋ ಯೋಚನೆಯಲ್ಲಿ ನನ್ನ ಎರಡನೇ ಹೆಂಡತಿ ಎಲ್ಲಿ ಹೋದಳೋ ಎಂದುಬಿಟ್ಟಳು ಒಮ್ಮೆ, ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದೇ ನಿಂತಳು, ಮೊದಲನೆಯವಳು ಎಲ್ಲಿದಾಳೆ ಅಂತ ಹೇಳ್ಬಿಡು, ಎರಡನೆಯವಳನ್ನ ಆಮೇಲೆ ಹುಡುಕೋಣ. ಆದರೆ ಕೂಡಿಸಬೇಡ ಎಂದಿದ್ದರಲ್ಲ, ಎಂದಿದ್ದರು, ಕೂಡಿಸಲೂ ಇಲ್ಲ, ಕಳೆದ ವಾರದವರೆಗೆ ಒಂದು ಚಿಟಿಕೆಯಷ್ಟೂ ಇಲ್ಲ, ಕಳೆದ ವಾರ ಕೂಡಿಸಿದ್ದು ಒಂದು ಕತ್ತೆ.

ಚಿಕ್ಕದೇ, ಬೂದುಬಣ್ಣದ್ದು, ಒಂದು ಕಿವಿ ಮಾತ್ರ ಬಿಳಿ. ಇದೇ ಮೇಜು, ಇದೇ ಮುದುಕಮ್ಮ, ಬಂದೂಕಿನವರು ಊರಿಗೆ ನುಗ್ಗಿದ್ದನ್ನು ಹೇಳುತ್ತ ಹೇಳುತ್ತ ಹೊಳೆಯವರೆಗೆ ಬಂದಳು, ಆಚೆ ದಡವೇ ಗಡಿ, ನಡೆಯಲಾರದ ಗಂಡನನ್ನು ಹೊಳೆ ದಾಟಿಸಿದ್ದು ಹೇಗೆ ಎಂದು ತಾರೀಖುರಾಯರು ಕೇಳಿದರು, ಮುದುಕಮ್ಮ ಬಾಗಿಲಿನ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿದಳು. ಮುಚ್ಚಿದವಳು ತೆರೆಯಲೇ ಇಲ್ಲ, ಗಡಿಯಾರ ಕಟಕಟ, ಫ್ಯಾನು ಗರಗರ, ಮತ್ತು ದುಭಾಷಿಗೆ ಅಲ್ಲಿ ನೆನಪಾದದ್ದು ತನ್ನ ಅಜ್ಜಿಯ ಹಾಸಿಗೆ, ಅಜ್ಜಿಯ ಕಂಬಳಿಯ ಕರ್ಪೂರದ ವಾಸನೆ, ಅಜ್ಜಿ ಯಾವಾಗಲೂ ಕತೆಯನ್ನು ಇಂಥ ಕಡೆಯೇ ಬಿಟ್ಟು ಗೊರಕೆ ಹೊಡೆಯುತ್ತಿದ್ದಳು, ರಾಜಕುಮಾರಿ ಹೊಳೆಯಲ್ಲಿ ಸೊಂಟದವರೆಗೆ ಮುಳುಗಿ ನಿಂತಿರುವಾಗ, ಹಾಗೆ ಬಿಟ್ಟು ಮಲಗಲಾದೀತೇ, ಪುಟ್ಟ ಹುಡುಗಿ ತಾನೇ ಮುಂದಕ್ಕೆ ಹೇಳಿಕೊಳ್ಳಬೇಕಿತ್ತು, ಆಗೊಂದು ಕತ್ತೆ ಬಂತು, ರಾಜಕುಮಾರಿಯನ್ನು ಹೊತ್ತು ದಾಟಿಸಿತು. ಕುದುರೆ ಬೇಡ, ಕುದುರೆ ಎಂದರೆ ಹುಡುಗಿಗೆ ಭಯ. ನಡುವೆ ಎಚ್ಚರವಾದರೆ ಅಜ್ಜಿ ಕಣ್ಣು ಬಿಡದೆಯೇ ಕೇಳುತ್ತಿದ್ದಳು, ಕತ್ತೆ ಬಂತಾ, ಬಂತಜ್ಜಿ, ಹಾಗಾದ್ರೆ ದಾಟಿದ್ರು ಬಿಡು, ಮಲ್ಕೋ. ಹೀಗೆ ಕತ್ತೆ ಬಂದರೆ ದಾಟಿದಂತೆ ಎಂದು ಬೆಳೆದ ಬಾಯಿ, ಮುದುಕಮ್ಮ ಹೊಳೆಯ ನಡುವೆ ನಿಂತಿದ್ದಾಳೆ, ತಾರೀಖುರಾಯರು ಹುಬ್ಬೇರಿಸಿ ಇವಳನ್ನೇ ನೋಡುತ್ತಿದ್ದಾರೆ, ಆಗೊಂದು ಕತ್ತೆ ಬಂತು ಸ್ವಾಮಿ. ಅಂದೇಬಿಟ್ಟಿತು ಬಾಯಿ! ಅಯ್ಯೋ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು, ವರ್ಷಗಟ್ಟಲೆ ಗೊತ್ತಿಲ್ಲ, ನೆನಪಿಲ್ಲ ಎಂಬುದನ್ನೇ ಬರೆದು ಬರೆದು ಸವೆದ ಪೆನ್ನಿಗೆ ಒಂದು ಬಿಳಿ ಕಿವಿ ಸಿಕ್ಕಿತು, ಎಡಗಿವಿಯೋ ಬಲಗಿವಿಯೋ ಎಂದರು, ಬಲಗಿವಿ ಎಂದಳು, ನಾಲಿಗೆ ಕಚ್ಚಿಕೊಳ್ಳುವ ಹೊತ್ತಿಗೆ ಕತ್ತೆ ಕಡತದೊಳಗೆ ಹೋಗಿ ಮಲಗಿತ್ತು.

ಇವತ್ತು ಎದ್ದಿದೆ. ಪಕ್ಕದ ಮನೆಯವನು ಹೇಳಿಕೆ ಕೊಟ್ಟಿದ್ದಾನಂತೆ, ಬಂದೂಕಿನವರು ಮೊದಲ ದಿನವೇ ಊರಿನ ದನ, ಕುರಿ, ಕತ್ತೆ, ಒಂದು ಕೋಳಿಯನ್ನೂ ಬಿಡದೆ ಹೊಡೆದುಕೊಂಡು ಹೋದರಂತೆ, ಅಂದ ಮೇಲೆ ಇದು ಎಲ್ಲಿಂದ ಬಂತು, ಮೇಲಿನವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದ್ದಾರೆ, ಕತ್ತೆ ಸುಳ್ಳಾದರೆ ಹೊಳೆಯೂ ಸುಳ್ಳು, ಹೊಳೆ ಸುಳ್ಳಾದರೆ ಅರ್ಜಿ ವಜಾ, ವಜಾ ಆದರೆ ಈ ಇಬ್ಬರನ್ನೂ ವಾಹನ ಹತ್ತಿಸಿ ಅದೇ ಊರಿಗೆ ವಾಪಸು. ಕೊನೆಗೂ ತಾರೀಖುರಾಯರು ಗಂಟಲು ಸರಿಮಾಡಿಕೊಂಡರು, ಕಳೆದ ಬಾರಿ ನೀವು ಒಂದು ಕತ್ತೆಯ ಬಗ್ಗೆ ಹೇಳಿದಿರಿ, ಅದರ ಬಗ್ಗೆ ಇನ್ನಷ್ಟು ಹೇಳಬಹುದೇ. ಅವಳು ಆ ಪ್ರಶ್ನೆಯನ್ನು ಇತ್ತ ದಾಟಿಸಬೇಕು, ಬೇರೇನಾದರೂ ಕೇಳಿಬಿಡಲೇ, ಅಜ್ಜೀ ಊಟ ಆಯ್ತಾ ಎಂದು ಕೇಳಿ, ಅತ್ತ ಏನೋ ಒಂದು ಹೇಳಿ, ಅಯ್ಯೋ ಬೇಡ, ಇನ್ನೊಂದು ಕತ್ತೆ ಹುಟ್ಟುತ್ತದೆ, ಕಡತ ಲಾಯವಾಗುತ್ತದೆ— ಅಜ್ಜೀ, ಹೋದ ಸಲ ನೀವು ಒಂದು ಕತ್ತೆ ವಿಷ್ಯ ಹೇಳಿದ್ರಿ, ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳ್ತೀರಾ.

ಯಾವ ಕತ್ತೆ, ಎಂದಳು ಮುದುಕಮ್ಮ. ಯಾವ ಕತ್ತೆ, ಎಂದಳು ಅವಳು ಅಧಿಕಾರಿಗೆ. ತಾರೀಖುರಾಯರು ಬಿಳಿ ಕಿವಿಯದು ಎಂದರು, ಬಲಗಿವಿ. ಬಿಳಿ ಕಿವಿಯದಂತೆ ಅಜ್ಜೀ, ಬಲಗಿವಿ. ಮುದುಕಮ್ಮ ಅಧಿಕಾರಿಯನ್ನು ನೋಡಲಿಲ್ಲ, ಇವಳನ್ನೇ ನೋಡಿದಳು, ಮೊಮ್ಮಕ್ಕಳ ಬಾಯಲ್ಲಿ ಕದ್ದ ಸಕ್ಕರೆ ಕಂಡುಹಿಡಿಯುವ ಕಣ್ಣು ಅದು, ಎಲ್ಲಾ ಅಜ್ಜಿಯರಿಗೂ ಒಂದೇ ಅಂಗಡಿಯಲ್ಲಿ ಕೊಟ್ಟಂಥದ್ದು, ಏನೇ ಹುಡುಗಿ, ನೀನು ತಂದು ಕಟ್ಟಿದ್ದಾ ಅದನ್ನ. ಬಿದ್ದ ಮಾತೆಲ್ಲ ದಾಟಬೇಕಲ್ಲ, ಅವಳು ಅಧಿಕಾರಿಯ ಕಡೆ ತಿರುಗಿ ಹೇಳಿದಳು, ಏನೇ ಹುಡುಗಿ, ನೀನು ತಂದು ಕಟ್ಟಿದ್ದಾ ಅದನ್ನು. ಯಾರು, ನಾನೇ, ಎಂದು ತಾರೀಖುರಾಯರು ಎದೆ ಮುಟ್ಟಿಕೊಂಡರು. ಇನ್ನು ತಡೆದರೆ ಉಸಿರೇ ಹೋದೀತು, ಮುದುಕಮ್ಮ ಹೋದಾಳು, ಹೊರಗಿನ ಬಕ್ಕತಲೆ ಹೋದೀತು, ಅವಳು ಕಣ್ಣು ಮುಚ್ಚಿದಳು— ದುಭಾಷಿ ಹೇಳುತ್ತಿದ್ದಾಳೆ ಸ್ವಾಮಿ, ಆ ಕತ್ತೆ ಅರ್ಜಿದಾರರದ್ದಲ್ಲ, ದುಭಾಷಿಯದ್ದು, ಅರ್ಜಿದಾರರು ಸುಮ್ಮನಿದ್ದರು, ದುಭಾಷಿಗೆ ಸುಮ್ಮನಿರಲು ಬರಲಿಲ್ಲ, ದುಭಾಷಿ ಚಿಕ್ಕಂದಿನಿಂದಲೂ ಹೀಗೆಯೇ. ಯಾರದೋ ಮನೆಯ ಹುಡುಗಿಯ ಮೇಲೆ ಚಾಡಿ ಹೇಳಿದಂತಿತ್ತು, ಪಾಪ ಅನ್ನಿಸಿತು ಆ ದುಭಾಷಿಯನ್ನು ನೆನೆದು.

ತಾರೀಖುರಾಯರು ಕಡತವನ್ನು ಹಿಂದಕ್ಕೆ ತಿರುವಿ ಕತ್ತೆಯಿದ್ದ ಹಾಳೆ ಹುಡುಕಿದರು, ಆಮೇಲೆ ಅಭ್ಯಾಸಬಲದಿಂದ, ಕತ್ತೆ ಸೇರಿಸಿದ್ದು ಯಾವ ತಾರೀಖು, ಎಂದರು, ಹೇಳಿದಳು, ಬರೆದುಕೊಂಡರು. ಈ ಭಾಷೆಗೆ ಬೇರೆ ದುಭಾಷಿ ಸಿಗಲು ತಿಂಗಳುಗಳೇ ಬೇಕು, ಹಿರಿಯ ದುಭಾಷಿಯಮ್ಮನಿಗೆ ವರದಿ ಹೋಗುತ್ತದೆ, ನಾಳೆಯಿಂದ ನಿಮಗೆ ಕಾಗದಪತ್ರಗಳ ಅನುವಾದ ಮಾತ್ರ, ಇವತ್ತು ಮಾತ್ರ ಅರ್ಜಿದಾರರು ಒಪ್ಪಿದರೆ ಮುಗಿಸಿ, ಎಂದರು. ಅಷ್ಟನ್ನೂ ಅವಳೇ ಮುದುಕಮ್ಮನಿಗೆ ದಾಟಿಸಬೇಕಾಯಿತು, ತನ್ನ ಶಿಕ್ಷೆಗೆ ತಾನೇ ದುಭಾಷಿ. ಇವಳೇ ಇರ್ಲಿ, ಎಂದಳು ಮುದುಕಮ್ಮ, ಕತ್ತೆ ತಂದವಳು ಹೊಡ್ಕೊಂಡೂ ಹೋಗ್ಲಿ. ಹಾಗಾದರೆ ಗಂಡನನ್ನು ದಾಟಿಸಿದ್ದು ಹೇಗೆ, ಎಂದು ತಾರೀಖುರಾಯರು ಮತ್ತೆ ಅದೇ ಹೊಳೆಗೆ ಬಂದರು, ಮುದುಕಮ್ಮ ಮತ್ತೆ ಬಾಗಿಲಿನ ಕಡೆ ನೋಡಿದಳು, ಮತ್ತೆ ಅದೇ ಕಟಕಟ, ಗರಗರ, ಬಿಳಿ ಕಿವಿ ಆಗಲೇ ಪೊದೆಯ ಮರೆಯಿಂದ ಇಣುಕುತ್ತಿದೆ, ನಿಲ್ಲು, ಬರಬೇಡ, ಅವಳು ಮನಸ್ಸಿನಲ್ಲೇ ಅದರ ಕಿವಿ ಹಿಡಿದು ಜಗ್ಗಿ ನಿಂತಳು, ತುಟಿ ಕಚ್ಚಿ ರಕ್ತದ ರುಚಿ ಬಂತು, ಸುಮ್ಮನಿರುವುದು ಇಷ್ಟು ಭಾರ ಎಂದು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ.

ಹೊರಗಿರೋ ಅವರಿಗೆ ಕೇಳ್ಸಲ್ಲ ತಾನೇ, ಎಂದಳು ಮುದುಕಮ್ಮ ಕೊನೆಗೆ. ಈ ಕೋಣೆಯ ಮಾತು ಬಾಗಿಲು ದಾಟುವುದಿಲ್ಲ ಎಂದರು ತಾರೀಖುರಾಯರು. ಜೀವಮಾನ ಪೂರ್ತಿ ಹಮಾಲಿ ಮಾಡಿದೋರು ನಮ್ಮನೆಯೋರು, ಊರಿನ ಮೂಟೆ ಎಲ್ಲಾ ಅವರ ಬೆನ್ನ ಮೇಲೇ, ಅಂಥೋರು ಹೆಂಡತಿ ಬೆನ್ನ ಮೇಲೆ ಮೂಟೆ ಆಗಿ ಬಂದ್ರು ಅಂತ ಯಾರಿಗೂ ಹೇಳ್ಬಾರದು ಅಂತ ಆಣೆ ಹಾಕ್ಸಿದ್ರು, ಅದಕ್ಕೇ ಸುಮ್ನಿದ್ದೆ, ನಾನೇ ಹೊತ್ತೆ. ಅವಳು ಅಧಿಕಾರಿಯ ಕಡೆ ತಿರುಗಿದಳು, ನಾನೇ ಹೊತ್ತೆ, ಎಂದಳು, ಮೀಸೆ ಸುಟ್ಟಾಗಲೂ ಬಸಿರಾದಾಗಲೂ ಸಲೀಸಾಗಿ ಬಂದ ನಾನು ಎಂಬ ಮಾತು ಈಗ ಎಡವಿ ಎಡವಿ ಬಂತು. ಮುದುಕಮ್ಮ ಎದ್ದೇಬಿಟ್ಟಳು, ಕಂಬಳಿಯನ್ನು ಹೀಗೆ ಕಟ್ಟಿದೆ ಎಂದು ಸೆರಗಿನಲ್ಲಿ ತೋರಿಸಿದಳು, ಭುಜದ ಮೇಲೆ ಗಂಟು ಕೊರೆದ ಕಡೆ ಇನ್ನೂ ಹಸಿಯಿದ್ದ ಗಾಯ, ನೀರು ಎದೆಮಟ್ಟ ಬಂದಾಗಲೂ ಹಿಂದಿನಿಂದ ಬೈಗುಳ ನಿಲ್ಲಿಸಲಿಲ್ಲವಂತೆ, ಎಡಕ್ಕೆ ವಾಲ್ತಿದೀಯ, ಭಾರ ಹೊರೋದು ಹಾಗಲ್ಲ, ನಡ ಬಗ್ಗಿಸು, ಯಾರೇ ನಿನಗೆ ಕೆಲ್ಸ ಕಲಿಸಿದ್ದು ಎಂದು! ತಾರೀಖುರಾಯರು ನಕ್ಕರು, ಮೂಗು ಸೀಟಿದರು, ಬರೆದರು, ಯಾವ ತಾರೀಖು ಎಂದು ಕೇಳುವುದನ್ನೇ ಮರೆತು ಬರೆದರು, ಕೆಂಪು ಸುತ್ತಿನ ಮೇಲೆ ಅಡ್ಡಗೆರೆ ಎಳೆದರು, ಮುದುಕಮ್ಮನ ಭುಜವನ್ನು ವೈದ್ಯರು ನೋಡಿ ಬರೆದುಕೊಟ್ಟರೆ ಮೇಲಿನವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ ಎಂದರು.

ಆಯ್ತೇನೇ, ಎಂದು ಹೊರಗಿನಿಂದ ಕೂಗು. ಆಯ್ತು ಬಂದೆ. ಏನಂದೆ, ಹೊಳೆ ಹೇಗೆ ದಾಟಿದ್ವಿ ಅಂತ ಕೇಳಿದ್ರಾ. ಮುದುಕಮ್ಮ ಬಾಗಿಲಲ್ಲಿ ನಿಂತು ಹಿಂತಿರುಗಿ, ಆ ಕತ್ತೇನ ನಮ್ಮನೆಯೋರಿಗೆ ಕೊಟ್ಬಿಡ್ತೀನಿ ಕಣೇ, ನಿನಗೆ ಹೇಗೂ ಬೇಡವಲ್ಲ ಇನ್ನು, ಎಂದಳು, ಹೊರಗೆ ಹೋಗಿ ಅವನ ಕಿವಿಯ ಹತ್ತಿರ ಬಗ್ಗಿ, ಒಂದು ಕತ್ತೆ ಬಂತು ಅಂದೆ ಕಣ್ರೀ, ಬಿಳಿ ಕಿವಿಯದು. ಭೇಷ್, ಎಂದಿತು ಬಕ್ಕತಲೆ, ಗಟ್ಟಿ ಕತ್ತೆ ಅಂತ ಹೇಳಿದ್ಯಾ. ಅವಳು ಗಾಜಿನ ಈಚೆ ನಿಂತು ನೋಡುತ್ತಾಳೆ, ಮುದುಕಮ್ಮ ಸೆರಗು ಬಿಗಿದು ಅವನ ಕೈಗಳನ್ನು ತನ್ನ ಕೊರಳಿಗೆ ಹಾಕಿಕೊಂಡು ಏಳುತ್ತಾಳೆ, ಎಡಕ್ಕೆ ವಾಲ್ತಿದೀಯ ಎಂಬ ಮಾತು ದೂರದೂರ ಹೋಗುತ್ತದೆ, ಅವಳು ಕಣ್ಣು ಮುಚ್ಚಿದರೆ ಅದೇ ಹೊಳೆ, ಅದೇ ಬೂದುಬಣ್ಣ, ಅದೇ ಬಿಳಿ ಕಿವಿ, ಕತ್ತೆ ದಾಟುತ್ತಿದೆ, ದಡ ಹತ್ತುತ್ತಿದೆ, ಕೆಸರಿನಲ್ಲಿ ಊರಿದ ಅದರ ಕಾಲುಗಳನ್ನು ನೋಡಿದರೆ ಎರಡೇ ಎರಡು, ಬಿರುಕುಬಿಟ್ಟ ಹಿಮ್ಮಡಿಗಳು, ಕತ್ತೆಗೆ ಎರಡೇ ಕಾಲು, ಎರಡೇ—