ಓರಿನ್ ಟೀಟರನ ಬಂದೂಕಿನ ಒಡವೆಗಳು

ಆಗಸ್ಟಿನ ಮೂರನೆಯ ಮಂಗಳವಾರ ಕೋಳಿ ಕಾರ್ಖಾನೆಯವರು ನಮ್ಮ ಜಿಂಕೆ ಸೋಮವಾರವನ್ನು ತೆಗೆದುಹಾಕಿದರು. ಮೂವತ್ತೆಂಟು ವರ್ಷಗಳಿಂದ ನವೆಂಬರಿನ ಆ ದಿನ, ಬೇಟೆಯ ಮೊದಲ ದಿನ, ಕಾರ್ಖಾನೆ ಮುಚ್ಚಿರುತ್ತಿತ್ತು. ಈ ವರ್ಷ ತೆರೆದಿರುತ್ತದೆ ಎಂದು ಹಾಜರಿ ಯಂತ್ರದ ಪಕ್ಕ ಒಂದು ಹಾಳೆ ಅಂಟಿಸಿದರು.

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯಲ್ಲಿ ಆ ದಿನ ಶಾಲೆಗೂ ರಜೆ. ಕಟಕಟೆ ಹತ್ತಬೇಕಾದವನು ಕಾಡಿನಲ್ಲಿರುತ್ತಾನೆ. ಅವನನ್ನು ಹತ್ತಿಸಬೇಕಾದ ನ್ಯಾಯಾಧೀಶ ಪಕ್ಕದ ಮರದ ಮೇಲಿರುತ್ತಾನೆ. ಹಾಳೆ ಓದಿದವರಲ್ಲಿ ಅರ್ಧ ಜನ ಅದನ್ನು ತಮಾಷೆ ಅಂದುಕೊಂಡರು. ಉಳಿದರ್ಧ ಜನ ಕೆಳಗಿನ ಎರಡನೇ ಪ್ಯಾರಾವನ್ನೂ ಓದಿದರು. ಸೆಪ್ಟೆಂಬರಿನಲ್ಲಿ ಕುಟುಂಬ ದಿನ. ಅಂದು ಬಂದೂಕು ಕ್ಲಬ್ಬಿನಲ್ಲಿ ಗುರಿ ಹೊಡೆಯುವ ಪಂದ್ಯ. ಗೆದ್ದವರಿಗೆ ಬಹುಮಾನವಾಗಿ ಆ ಸೋಮವಾರ ರಜೆ. ಒಬ್ಬರಿಗೆ. ನಾವು ನಾನೂರು ಜನ.

ಊಟದ ಕೋಣೆಯಲ್ಲಿ ವರ್ಲಿನ್ ಕಿಸಮೋರ್ ಪೆಪ್ಪರೋನಿ ರೋಲನ್ನು ಕೆಳಗಿಟ್ಟ. ಮೂಳೆ ಬಿಡಿಸುವ ನಮ್ಮ ಲೈನಿನಲ್ಲಿ ಅವನೇ ಹಿರಿಯ. "ನಮ್ಮ ಕೊಟ್ಟಿಗೆಯಿಂದಲೇ ಹಸು ಹೊಡ್ಕೊಂಡು ಹೋಗಿ, ಓಟದಲ್ಲಿ ಗೆದ್ದೋರಿಗೆ ಒಂದು ಲೋಟ ಹಾಲು ಕೊಡ್ತಾರಂತೆ," ಅಂದ.

"ಒಂದು ಲೋಟ ಆದ್ರೆ ಒಂದು ಲೋಟ," ಅಂದ ನನ್ನ ಗಂಡ ಓರಿನ್. "ನಾನು ಗೆಲ್ತೀನಿ."

ಅವನು ಯಾಕೆ ಹಾಗೆ ಅಂದ ಎಂಬುದು ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವನು ಒಂದೇ ಒಂದು ಜಿಂಕೆ ಸೋಮವಾರವನ್ನೂ ತಪ್ಪಿಸಿಲ್ಲ. ನಮ್ಮ ಮಗಳು ಹುಟ್ಟಿದ್ದು ಅಂಥದೊಂದು ಸೋಮವಾರ. ಅವಳನ್ನು ಅವನು ನೋಡಿದ್ದು ಮಂಗಳವಾರ. ಆಗ ಬೈದಿದ್ದೆ, ಈಗಲೂ ಬೈಯುತ್ತೇನೆ. ಆದರೆ ಅವನ ಕೆಲಸ ನೋಡಿ: ತಲೆಯ ಮೇಲೆ ಓಡುವ ಕೊಕ್ಕೆಗಳಿಗೆ ಜೀವಂತ ಕೋಳಿ ತೂಗುಹಾಕುವುದು, ನಿಮಿಷಕ್ಕೆ ಇಪ್ಪತ್ತೈದು, ಹದಿನೆಂಟು ವರ್ಷದಿಂದ. ಕುತ್ತಿಗೆ ಮರದ ಕೊರಡಾಗಿದೆ, ಬಗ್ಗುವುದಿಲ್ಲ. ಕಾರ್ಖಾನೆಯ ಡಾಕ್ಟರು ಅದಕ್ಕೆ ದಿಂಬು ಬದಲಿಸಿ ಅಂದರು. ವರ್ಷದಲ್ಲಿ ಆ ಒಂದು ದಿನ ನನ್ನ ಗಂಡ ಯಾರೂ ಗಂಟೆ ಬಾರಿಸದ ಜಾಗದಲ್ಲಿ ಕೂತು, ತನಗೆ ಬೇಕೆನಿಸಿದಾಗ ಮಾತ್ರ ಕತ್ತೆತ್ತುತ್ತಾನೆ. ಅವನಿಗೆ ಬೇಕಾದ್ದು ಅದು.

ಪಂದ್ಯಕ್ಕೆ ಇಪ್ಪತ್ತೆರಡರ, ಅಂದರೆ ಸಣ್ಣ ಗುಂಡಿನ, ಬಂದೂಕು ಮಾತ್ರ ಎಂದು ಹಾಳೆಯಲ್ಲಿತ್ತು. ಹಾಗಾಗಿ ನಮ್ಮ ಮನೆಯ ಆ ಬಂದೂಕಿನ ವಿಷಯ ಹೇಳಲೇಬೇಕು.

ಎರಡು ವರ್ಷದ ಹಿಂದೆ ತಂದದ್ದು. ನೋಡಿದರೆ ಯುದ್ಧಕ್ಕೆ ಹೊರಟ ಸಿಪಾಯಿಯ ಬಂದೂಕು. ಒಳಗೆ ಹೋಗುವ ಗುಂಡು ಅಲಸಂದೆ ಕಾಳಿಗಿಂತ ಸ್ವಲ್ಪ ದಪ್ಪ. ಅದರಿಂದ ಜಿಂಕೆ ಹೊಡೆಯಲು ಕಾನೂನು ಬಿಡುವುದಿಲ್ಲ. ಬೇಟೆಗೆ ಅವನಪ್ಪನ ಹಳೇ ಬಂದೂಕು ಬೇರೆ ಇದೆ. ಇದು ಹಿತ್ತಿಲಲ್ಲಿ ಸೂಪಿನ ಡಬ್ಬಿಗಳನ್ನು ಕೊಲ್ಲುವುದಕ್ಕೆ. ಉದ್ದಕ್ಕೂ ಹಲ್ಲುಹಲ್ಲಾದ ಕಬ್ಬಿಣದ ಹಳಿ ಇದೆ. ಆ ಹಳಿಗೆ ಏನನ್ನು ಬೇಕಾದರೂ ಸ್ಕ್ರೂ ಹಾಕಿ ಕೂರಿಸಬಹುದು ಎಂದು ಯಾರೋ ಅವನಿಗೆ ಹೇಳಿಕೊಟ್ಟರು. ಅಲ್ಲಿಂದ ಶುರು.

ಮೊದಲು ಕೆಂಪು ಚುಕ್ಕೆಯ ಗಾಜು ಬಂತು. ಅದರೊಳಗೆ ನೋಡಿದರೆ ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲಿಗೆ. ಆಮೇಲೆ ಚುಕ್ಕೆಯನ್ನು ದೊಡ್ಡದು ಮಾಡುವ ಇನ್ನೊಂದು ಗಾಜು. ಟಾರ್ಚು. ಹಸಿರು ಲೇಸರು. ಮುಂದಿನ ಕೈಗೊಂದು ಹಿಡಿ, ಆ ಹಿಡಿಯೊಳಗೊಂದು ದಿಕ್ಸೂಚಿ. ಮಡಚುವ ಎರಡು ಕಾಲು. ಮೂರು ಬಗೆಯ ಹೆಗಲಪಟ್ಟಿ. ನಳಿಗೆಯ ತುದಿಗೆ ಒಂದು ಸೈಲೆನ್ಸರು. ಅದು ಬರೀ ಟೊಳ್ಳು ಕೊಳವೆ, ಯಾವ ಸದ್ದನ್ನೂ ಅಡಗಿಸುವುದಿಲ್ಲ, ನೋಡುವವರ ಬಾಯಿ ಅಡಗಿಸಲಿ ಎಂದು ಹಾಕಿದ್ದು. ಕೊನೆಗೆ ಬಿಯರ್ ಬಾಟಲಿಯ ಮುಚ್ಚಳ ತೆಗೆಯುವ ಒಂದು ಕೊಕ್ಕೆ.

"ಇದಕ್ಕೇನು ಮದ್ವೆ ಮಾಡ್ತೀಯಾ?" ಕೇಳಿದೆ. "ನನ್ನ ಮೈಮೇಲೂ ಇಷ್ಟು ಒಡವೆ ಇರಲಿಲ್ಲ."

"ನಿನಗೆ ಹಳಿ ಇಲ್ಲವಲ್ಲೇ ಡೆಲ್ಫಾ," ಅಂದ.

"ಆ ಟಾರ್ಚ್ ಯಾಕೋ? ಕ್ಲಬ್ಬಿಗೆ ನಾಲ್ಕು ಗಂಟೆಗೇ ಬೀಗ ಹಾಕ್ತಾರೆ."

"ಮೋಡ ಆದ್ರೆ?"

ಹಾಳೆ ಅಂಟಿದ ವಾರವೇ ಅವನು ಮೋಟುಗಂಬದಂಥ ಒಂದು ಕಬ್ಬಿಣದ ಪೀಠ ತಂದು, ಅದರ ಮೇಲೆ ಕೆಂಪು ಚುಕ್ಕೆಯ ಗಾಜನ್ನು ಏರಿಸಿದ. ಕುತ್ತಿಗೆ ಬಗ್ಗಿಸದೆ ನೆಟ್ಟಗೆ ನಿಂತು ನೋಡಲು ಅದು ಬೇಕಿತ್ತು. ಗಾಜು ನಳಿಗೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ, ಅಟ್ಟದ ಮೇಲೆ ಕೂತ ಗೂಬೆಯ ಹಾಗೆ ಕೂತಿತು. ಐವತ್ತು ಗಜದಲ್ಲಿ ಗುಂಡು ಚುಕ್ಕೆಗೆ ತಾಗುವಂತೆ ತಿರುಪುಗಳನ್ನು ಇಡೀ ಭಾನುವಾರ ತಿರುವಿದ. ಸಂಜೆ ಹೊತ್ತಿಗೆ ಐವತ್ತು ಗಜದ ಡಬ್ಬಿ ಒಂದೂ ಉಳಿಯಲಿಲ್ಲ.

ಅವನು ಹಾರ್ಡ್‌ವೇರ್ ಅಂಗಡಿಗೆ ಹೋದಾಗ ನಾನು ಆ ಬಂದೂಕು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದೆ. ಕಾರ್ಖಾನೆಯಲ್ಲಿ ಕತ್ತರಿ ಹಿಡಿದೂ ಹಿಡಿದೂ ನನ್ನ ಬೆರಳು ಬಾತಿವೆ. ಆ ಬಂದೂಕಿನ ಕುದುರೆ ಮಾತ್ರ ಮೆತ್ತಗೆ, ಎಳೆಯಲು ಒಂದು ಬೆರಳು ಸಾಕು. ಕೋಪ ಬಂದಾಗ ಡಬ್ಬಿ ಬೀಳಿಸುವುದು ಚೆನ್ನಾಗಿರುತ್ತದೆ. ಆ ಆಗಸ್ಟಿನಲ್ಲಿ ಕೋಪಕ್ಕೇನೂ ಬರ ಇರಲಿಲ್ಲ. ಹತ್ತು ಗಜದ ಡಬ್ಬಿಗೆ ಇಟ್ಟ ಗುಂಡು ಮೂರು ಬೆರಳು ಕೆಳಗೆ ಹೋಗಿ ಡಬ್ಬಿ ಕೂರಿಸಿದ ಮರದ ಬೊಡ್ಡೆಗೆ ಹೊಡೆಯುತ್ತಿತ್ತು. ಗಾಜು ಅಟ್ಟದ ಮೇಲೆ, ನಳಿಗೆ ನೆಲಮಾಳಿಗೆಯಲ್ಲಿ. ದೂರ ಹೋದರೆ ನೋಟವೂ ಗುಂಡೂ ಕೂಡುತ್ತವೆ, ಹತ್ತಿರದಲ್ಲಿ ಕೂಡಲು ಸಮಯವೇ ಇಲ್ಲ. ಚುಕ್ಕೆಯನ್ನು ಡಬ್ಬಿಯ ಮೇಲಂಚಿಗಿಂತ ಒಂಚೂರು ಎತ್ತಿ ಇಟ್ಟೆ. ಡಬ್ಬಿ ಬಿತ್ತು.

ರಾತ್ರಿಯ ಊಟಕ್ಕೆ ಬೀನ್ಸೂ ಜೋಳದ ರೊಟ್ಟಿಯೂ ಬಡಿಸುತ್ತ ಹೇಳಿದೆ. "ಹತ್ತಿರದ್ದಕ್ಕೆ ಮೇಲೆ ಇಡು, ಇಲ್ಲಾಂದ್ರೆ ಕೆಳಗೆ ಹೋಗುತ್ತೆ."

"ದೂರದ್ದೇ ಹೊಡೀತೀನಿ, ಹತ್ತಿರದ್ದು ಹೊಡಿಯಕ್ಕಾಗಲ್ವಾ?"

"ಆಗಲ್ಲ."

"ಹದಿನೈದು ಸ್ಕ್ರೂ ಹಾಕಿ ಕೂರಿಸಿದೀನಿ ಕಣೇ."

ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಕುಟುಂಬ ದಿನ ಬಿಸಿಲಿತ್ತು, ಮೋಡ ಇರಲಿಲ್ಲ. ಕಾರ್ಖಾನೆಯವರು ನಮಗೆ ನಮ್ಮದೇ ಕೋಳಿಯನ್ನು ಸುಟ್ಟು ಬಡಿಸಿದರು. ಸಿಬ್ಬಂದಿ ಮ್ಯಾನೇಜರ್ ಬ್ರೆಂಟ್ ಆಲ್‌ಸ್ಟನ್ ಹೊಸ ಬೂಟು ಹಾಕಿಕೊಂಡು ಓಡಾಡುತ್ತ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಹೆಸರು ನಮ್ಮ ಎದೆಯ ಚೀಟಿಯಲ್ಲಿತ್ತು. ದಕ್ಷಿಣದ ದೊಡ್ಡ ಊರಿನಿಂದ ಮಾರ್ಚಿನಲ್ಲಿ ಬಂದವನು. ಸೋಮವಾರ ಅಂದರೆ ಭಾನುವಾರದ ಮರುದಿನ ಎಂದಷ್ಟೇ ಅವನಿಗೆ ಗೊತ್ತು.

ಪಂದ್ಯ ಸರಳ. ಐವತ್ತು ಗಜದಲ್ಲಿ ಐದು ಉಕ್ಕಿನ ತಟ್ಟೆ, ಹತ್ತು ಗಜದಲ್ಲಿ ಅಂಗೈಯಗಲದ ಐದು. ಒಬ್ಬರಿಗೆ ಹತ್ತು ಗುಂಡು. ಬಂದೂಕು ಹಂಚಿಕೊಳ್ಳಬಹುದು. ವರ್ಲಿನ್ ತನ್ನ ತಾತನ ಕಾಲದ ಮರದ ಹಿಡಿಯ ಬಂದೂಕಿನಲ್ಲಿ ಎಂಟು ಬೀಳಿಸಿ ಎಲ್ಲರಿಗಿಂತ ಮುಂದಿದ್ದ.

ಓರಿನ್ ಚೀಲದ ಜಿಪ್ಪೆಳೆದು ಬಂದೂಕು ತೆಗೆದಾಗ ಜನ ಕೋಳಿ ತಿನ್ನುವುದು ನಿಲ್ಲಿಸಿದರು.

"ಅಯ್ಯೋ ಓರಿನ್, ಅದಕ್ಕೆ ಕರೆಂಟು ಎಲ್ಲಿಂದ ಕೊಡ್ತೀಯೋ?" ಯಾರೋ ಕೂಗಿದರು.

"ಕಾಫಿ ಮಾಡುತ್ತಾ ಅದು?"

"ಪಕ್ಕಕ್ಕೆ ಬನ್ರಪ್ಪಾ, ಕ್ರಿಸ್‌ಮಸ್ ಮರ ನಿಲ್ಲಿಸ್ತಿದಾನೆ!"

ಓರಿನ್ ಗಂಭೀರವಾಗಿ ಮಡಚುವ ಕಾಲು ಬಿಡಿಸಿದ, ಮತ್ತೆ ಮಡಚಿದ. ಲೇಸರು ಹಾಕಿದ, ಬಿಸಿಲಿನಲ್ಲಿ ಅದು ಯಾರಿಗೂ ಕಾಣಲಿಲ್ಲ. ಕುತ್ತಿಗೆ ನೆಟ್ಟಗೆ, ಗದ್ದ ಮೇಲೆ, ಅಂಚೆಚೀಟಿಯ ಮೇಲಿನ ರಾಜನ ಹಾಗೆ ನಿಂತ. ದೂರದ ಐದು ತಟ್ಟೆ ಐದು ಗುಂಡಿಗೆ ಬಿದ್ದವು. ತಮಾಷೆ ನಿಂತಿತು. ವರ್ಲಿನ್ ಟೋಪಿ ತೆಗೆದ.

ಆಮೇಲೆ ಹತ್ತಿರದವು. ಮೊದಲ ಗುಂಡು ತಟ್ಟೆಯ ಕೆಳಗಿನ ಕಂಬಕ್ಕೆ ಟಣ್ ಅಂತು. ಎರಡನೆಯದೂ ಟಣ್. ಮೂರನೆಯದಕ್ಕೆ ಅವನು ನಿಲ್ಲಿಸಿ ಟಾರ್ಚು ಹಾಕಿದ. ಅದೂ ಟಣ್. ಐದೂ ಕಂಬಗಳಿಗೆ ಒಂದೇ ಎತ್ತರದಲ್ಲಿ ಒಂದೊಂದು ಬೊಟ್ಟಿಟ್ಟು, ಐದೂ ತಟ್ಟೆಗಳನ್ನು ಹಾಗೇ ನಿಲ್ಲಿಸಿ ಹಿಂದೆ ಸರಿದ.

"ಕಂಬದ ಪಂದ್ಯ ಇದ್ದಿದ್ರೆ ಗೆದ್ದಿದ್ದೆ ಕಣಪ್ಪಾ," ಅಂದ ವರ್ಲಿನ್, ಮೆತ್ತಗೆ. ಓರಿನ್ ಮುಖ ನೋಡಿದವರು ಯಾರೂ ನಗುತ್ತಿರಲಿಲ್ಲ. ಕೊಕ್ಕೆಗಳ ಲೈನಿನಲ್ಲಿ ಎಂಟನೇ ಗಂಟೆಯ ಮುಖ ಅದು.

ನನಗೆ ಅವನ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ತಿರುಗಿ ಹೊಸ ಬೂಟು ಹಾಕಿಕೊಂಡವನ ಕಡೆ ಹೋಯಿತು. ಒಂದು ದಿನವನ್ನು ಕಿತ್ತುಕೊಂಡು, ಅದಕ್ಕಾಗಿ ಈ ಮನುಷ್ಯನನ್ನು ಇಷ್ಟು ಜನರ ಮುಂದೆ ಕುಣಿಸಿ, ಸುಟ್ಟ ಕೋಳಿ ಬೇರೆ ಕೊಡುತ್ತಾರೆ.

"ಕೊಡಿಲ್ಲಿ," ಅಂದೆ ಓರಿನ್‌ಗೆ, ಬಂದೂಕಿನತ್ತ ಕೈ ಚಾಚಿ.

"ನೀನಾ?"

"ನನ್ನ ಎದೆ ಮೇಲೂ ಹೆಸರಿನ ಚೀಟಿ ಇದೆ. ಡೆಲ್ಫಾ ಟೀಟರ್. ಕೊಡು."

ತೂಕ ತಾಳಲಾರದೆ ಟಾರ್ಚು, ಹಿಡಿ, ಕೊಳವೆ, ಕಾಲು, ಎಲ್ಲ ಬಿಚ್ಚಿ ಅವನ ಕೈಗೆ ಒಂದೊಂದಾಗಿ ಕೊಟ್ಟೆ. ಅವನು ಪಾತ್ರೆ ತೊಳೆದಿಡುವವನ ಹಾಗೆ ತೋಳ ತುಂಬ ಹಿಡಿದು ನಿಂತ. ಗಾಜನ್ನು ಮಾತ್ರ ಮುಟ್ಟಲಿಲ್ಲ, ಹದಿನೈದು ಸ್ಕ್ರೂ. ದೂರದ ನಾಲ್ಕು ಬಿದ್ದವು, ಒಂದು ತಪ್ಪಿತು. ಹತ್ತಿರದವಕ್ಕೆ ಚುಕ್ಕೆಯನ್ನು ತಟ್ಟೆಯ ನೆತ್ತಿಗಿಂತ ಮೇಲೆ, ಖಾಲಿ ಗಾಳಿಯಲ್ಲಿ ಇಟ್ಟೆ. ಒಂದು, ಎರಡು, ಮೂರು, ನಾಲ್ಕು, ಐದು.

ಒಂಬತ್ತು.

ಓರಿನ್ ಬಾಯಿ ತೆರೆದ. "ಮೇಲೆ ಇಡು ಅಂದಿದ್ದು ನಿಜಾನಾ?"

"ಸುಳ್ಳು ಯಾವತ್ತು ಹೇಳಿದೀನೋ?"

ವರ್ಲಿನ್ ನನ್ನ ಬೆನ್ನು ತಟ್ಟಿದ. "ಇಡೀ ಪಾಳಿಗೆ ಒಂದೇ ಲೋಟ, ಅದೂ ನಿಮ್ಮನೆಗೇ ಹೋಯ್ತು. ಹೋಗಲಿ ಬಿಡು ತಾಯಿ, ಇವನು ಕಾಡಲ್ಲಿ ಕೂತಿರೋದನ್ನ ನೆನೆಸ್ಕೊಂಡು ನಾವು ರೆಕ್ಕೆ ಕತ್ತರಿಸ್ತೀವಿ." ಹೇಳುವಾಗ ಅವನು ನಗುತ್ತಿದ್ದ. ಕಣ್ಣು ನಗುತ್ತಿರಲಿಲ್ಲ, ಅವನದೂ ಜಿಂಕೆ ಸೋಮವಾರವೇ, ಮೂವತ್ತೊಂಬತ್ತನೆಯದು.

ಬ್ರೆಂಟ್ ಚಪ್ಪಾಳೆ ತಟ್ಟುತ್ತ ಬಂದ. ಬಹುಮಾನವನ್ನು ಗಂಡನಿಗೆ ಬಿಟ್ಟುಕೊಡಬಹುದೇ ಎಂದು ಕೇಳಿದೆ. ಧಾರಾಳವಾಗಿ, ಅಂದ. ಮನೆಯವರಿಗೆ ಕೊಡಬಹುದು, ಪಡೆಯುವವರು ಒಂದು ಸಹಿ ಹಾಕಿದರೆ ಆಯಿತು. ಹಾಳೆ ಸಿದ್ಧವೇ ಇತ್ತು, ಚಿನ್ನದ ಬಣ್ಣದ ಅಂಚು. ಪೆನ್ನೂ ಬಂತು. ಫೋಟೋ ತೆಗೆಯುವವಳೂ ಬಂದಳು.

"ಇಲ್ಲಿ ಸಹಿ ಮಾಡಿ ಓರಿನ್. ಆ ಬಂದೂಕಿಗೆ ಎಲ್ಲಾ ಮತ್ತೆ ಹಾಕ್ಬಿಡಿ, ಫೋಟೋಗೆ ಚೆನ್ನಾಗಿರುತ್ತೆ."

ಓರಿನ್ ತೋಳಿನಲ್ಲಿದ್ದದ್ದೆಲ್ಲವನ್ನೂ ಮೇಜಿನ ಮೇಲೆ ಸುರಿದು ಹಾಳೆ ಎತ್ತಿಕೊಂಡ. ಅವನು ಓದುವುದು ನಿಧಾನ, ತುಟಿ ಆಡಿಸುತ್ತ ಓದುತ್ತಾನೆ. ಕತ್ತು ಬಗ್ಗದ್ದರಿಂದ ಹಾಳೆಯನ್ನು ಮುಖದೆದುರು ಎತ್ತಿ ಹಿಡಿದ. ಬಿಸಿಲಿಗೆ ಹಿಂದಿನಿಂದ ಅಕ್ಷರ ಕಾಣುತ್ತಿದ್ದವು. ನನಗೆ ಹೆದರಿಕೆಯಾಗಿತ್ತು, ಹೇಳುತ್ತೇನೆ: ಆ ಸೋಮವಾರಕ್ಕಾಗಿ ಅವನು ಮಗಳ ಮುಖವನ್ನೇ ಒಂದು ದಿನ ಮುಂದೂಡಿದವನು. ಈ ಹಾಳೆಯಲ್ಲಿ ಏನೇ ಇದ್ದರೂ ಗೀಚಿಬಿಡುತ್ತಾನೆ ಅಂದುಕೊಂಡೆ.

"ವರ್ಲಿನ್," ಅಂದ ಓರಿನ್. "ಬಾ ಇಲ್ಲಿ. ಇದರಲ್ಲಿ ನಿನ್ನ ವಿಷ್ಯ ಇದೆ."

"ನಂದಾ?"

"ಎಲ್ಲಾರ್ದೂ. ಕೇಳು. 'ಈ ದಿನ ಕಾರ್ಮಿಕರ ಹಕ್ಕಾಗಿ ಎಂದೂ ಇರಲಿಲ್ಲ. ನಾನೂ ನನ್ನ ಪಾಳಿಯವರೂ ಇದನ್ನು ಕೆಲಸದ ದಿನವೆಂದು ಸಂತೋಷದಿಂದ ಒಪ್ಪಿದ್ದೇವೆ.' ಸಂತೋಷ ಆಯ್ತೇನೋ ನಿನಗೆ?"

"ನನಗ್ಯಾರೂ ಹೇಳ್ಲಿಲ್ಲ," ಅಂದ ವರ್ಲಿನ್.

"ಅದು ಸುಮ್ನೆ ಕಾನೂನಿನವರು ಬರೆಯೋ ಮಾತು," ಅಂದ ಬ್ರೆಂಟ್. ನಗು ಇನ್ನೂ ಮುಖದ ಮೇಲಿತ್ತು, ಅಂಚು ಸ್ವಲ್ಪ ಬಿಟ್ಟಿತ್ತು. "ನಿಮಗೆ ರಜೆ ಬೇಕು ತಾನೆ? ಸಹಿ ಮಾಡಿ."

"ಬೇಕು," ಅಂದ ಓರಿನ್. "ಭಾಳ ಬೇಕು." ಹಾಳೆಯನ್ನು ಮೇಜಿನ ಮೇಲೆ, ಟಾರ್ಚಿಗೂ ಟೊಳ್ಳು ಕೊಳವೆಗೂ ನಡುವೆ ಇಟ್ಟ. ಪೆನ್ನನ್ನು ಅದರ ಮೇಲಿಟ್ಟ. "ಹಾಕಲ್ಲ."

ಜನ ಹತ್ತಿರ ಬಂದಿದ್ದರು. ಯಾರ ಕೈಯಲ್ಲೂ ಕೋಳಿ ಇರಲಿಲ್ಲ.

ಬ್ರೆಂಟ್ ದನಿ ಇಳಿಸಿದ. "ಹಾಗಾದ್ರೆ ರಜೆ ಇಲ್ಲ ಓರಿನ್. ಆ ಸೋಮವಾರ ಬೆಳಗ್ಗೆ ಐದೂವರೆಗೆ ಎಲ್ಲರ ಜೊತೆ ನೀವೂ ಲೈನಿನಲ್ಲಿರಬೇಕು. ಅರ್ಥ ಆಯ್ತಾ?"

ಓರಿನ್ ಇಡೀ ಮೈ ತಿರುಗಿಸಿ, ಅವನಿಗೆ ಹಾಗಲ್ಲದೆ ತಿರುಗಲು ಬರುವುದಿಲ್ಲ, ಮೊದಲು ನನ್ನನ್ನು, ಆಮೇಲೆ ವರ್ಲಿನ್‌ನನ್ನು, ಆಮೇಲೆ ಹಿಂದಿದ್ದವರೆಲ್ಲರನ್ನೂ ನೋಡಿದ. ಮತ್ತೆ ಇಡೀ ಮೈ ತಿರುಗಿಸಿ ಬ್ರೆಂಟ್ ಎದುರು ನಿಂತ.

"ಅರ್ಥ ಆಯ್ತು," ಅಂದ. "ಬರಲ್ಲ."