ಸೀಟಿನ ಅಡಿಯ ಕೂದಲು

ಕಾರು ತೊಳೆಯುವ ಆ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಕಪ್ಪು ಸೀಟಿನ ಮೇಲೆ ಕಪ್ಪು ನಾಯಿಯ ಒಂದೇ ಒಂದು ಕೂದಲು ಬಿದ್ದಿದ್ದರೂ ಅವನ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ನಾಯಿ ಸಾಕಿದವರ ಕಾರು ಬಂದರೆ ಮಾಲೀಕ ಅದನ್ನು ಬೇರೆಯವರ ಕೈಗೆ ಕೊಡುತ್ತಲೇ ಇರಲಿಲ್ಲ. ಹದ್ದು ರಬ್ಬರ್ ಗ್ಲೌಸ್ ತೊಟ್ಟು, ನೀರಿನಲ್ಲಿ ಅದ್ದಿ, ಸೀಟಿನ ಬಟ್ಟೆಯನ್ನು ಒಂದೇ ದಿಕ್ಕಿಗೆ ನೀವುತ್ತ ಬಂದರೆ ಸಾಕು, ವ್ಯಾಕ್ಯೂಮಿಗೂ ಜಗ್ಗದ ಕೂದಲು ಎದ್ದು ಉಂಡೆ ಉಂಡೆಯಾಗಿ ಉರುಳುತ್ತಿತ್ತು. ಈ ವಿದ್ಯೆಯ ಬಗ್ಗೆ ಅವನಿಗೆ ಜಂಬವಿತ್ತು. ಇರಲಿ, ಯಾರಿಗಿಲ್ಲ.

ಅಂಥ ಹದ್ದು ಆ ಬೆಳಿಗ್ಗೆ ನೀಲಿ ಕಾರೊಂದು ಶೆಡ್ಡಿನ ಕಡೆಗೆ ತಿರುಗಿದ್ದನ್ನು ನೋಡಿ, ಬಕೆಟ್ಟು ಎತ್ತಿಕೊಂಡು ಹಿಂದಿನ ನಲ್ಲಿಯತ್ತ ನಡೆದುಬಿಟ್ಟ. ಬಕೆಟ್ಟಿನಲ್ಲಿ ಆಗಲೇ ನೀರು ತುಂಬಿತ್ತು.

ಮೂರು ವಾರದ ಹಿಂದೆ ಆ ಕಾರನ್ನು ಶುಚಿ ಮಾಡಿದ್ದು ಅವನೇ. ಕಾರಿನವರ ಮಗಳಿಗೆ ಏಳು ವರ್ಷ, ಉಬ್ಬಸದ ಮಗು. ನಾಯಿಯ ಸಹವಾಸ ಬೇಡವೆಂದು ಡಾಕ್ಟರು ಹೇಳಿದ ಮೇಲೆ ನಾಯಿಯನ್ನು ಅಜ್ಜಿಯ ಮನೆಗೆ ಸಾಗಿಸಿ, ಕಾರನ್ನು ಇಲ್ಲಿಗೆ ತಂದಿದ್ದರು. ಹದ್ದು ಸೀಟು, ಡಿಕ್ಕಿ, ಬಾಗಿಲಿನ ಸಂದು ಯಾವುದನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಡ್ರೈವರ್ ಪಕ್ಕದ ಸೀಟಿನ ಅಡಿ. ಅಲ್ಲಿಗೆ ಕೈ ಹೋಗಬೇಕಾದರೆ ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನೇ ಎತ್ತಬೇಕು. ಮೊದಲನೆಯ ಬೋಲ್ಟೇ ತುಕ್ಕು ಹಿಡಿದಿತ್ತು. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ತರಚಿತು. ಊಟದ ಹೊತ್ತು ಬೇರೆ ಮೀರಿತ್ತು. ಯಾರು ಬಗ್ಗಿ ನೋಡ್ತಾರೆ ಎಂದುಕೊಂಡು ವ್ಯಾಕ್ಯೂಮಿನ ಮೂತಿಯನ್ನು ಒಮ್ಮೆ ಒಳಗೆ ತೂರಿಸಿ ತೆಗೆದ. ಮುಗಿದ ಕೆಲಸಗಳ ಪಟ್ಟಿಯಿದ್ದ ಕಾರ್ಡಿನಲ್ಲಿ 'ಸೀಟಿನ ಅಡಿ' ಎಂದಿದ್ದ ಕಡೆ ಸರಿ ಗುರುತು ಹಾಕಿ, ಸಹಿ ಗೀಚಿ, ಕಾರಿನ ಕನ್ನಡಿಗೆ ನೇತುಹಾಕಿ ಊಟಕ್ಕೆ ಕೂತ.

"ಎಲ್ಲಿ ಹಾಳಾಗಿ ಹೋದ್ಯೋ ಹದ್ದು, ಬಾರೋ ಇಲ್ಲಿ" ಎಂದು ಮಾಲೀಕ ಕೂಗಿದ.

ಕಾರಿನವನು ಬಾಗಿಲಿಗೆ ಒರಗಿ ನಿಂತಿದ್ದ. ನಿದ್ದೆಗೆಟ್ಟ ಕಣ್ಣು. ಹಿಂದಿನ ಸೀಟಿನಲ್ಲಿ ಅವನ ತಾಯಿ, ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವನು ಜೇಬಿನಿಂದ ಮಡಿಚಿದ ಕಾಗದ ತೆಗೆದು ಬಿಚ್ಚಿದ. ಒಳಗೆ ನಾಯಿಯ ಕೂದಲಿನ ಗಂಟು.

"ನೋಡಿ, ಮುಂದಿನ ಸೀಟಿನ ಅಡಿ ಸಿಕ್ತು. ಹೋದ ವಾರ ಶಾಲೆಯಿಂದ ಬರ್ತಾ ಮಗುಗೆ ಕಾರಲ್ಲೇ ಉಸಿರು ಕಟ್ಟಿ, ಎರಡು ದಿನ ಆಸ್ಪತ್ರೆ."

"ನಮ್ಮ ಹದ್ದು ಕೂದಲು ಬಿಟ್ಟಿರೋ ಮಾತೇ ಇಲ್ಲ ಸಾರ್. ಇವನ ಕೆಲಸಕ್ಕೆ ನಾನು ಗ್ಯಾರಂಟಿ" ಎಂದು ಮಾಲೀಕ ಎದೆಯುಬ್ಬಿಸಿದ.

"ಅಯ್ಯೋ, ನಿಮ್ಮ ಮೇಲೆ ದೂರಿಲ್ಲ ಬಿಡಿ" ಎಂದ ಕಾರಿನವನು. "ಮಗುನ ಶಾಲೆಯಿಂದ ಇದೇ ಕಾರಲ್ಲಿ ಕರ್ಕೊಂಡು ಬರ್ತಿದ್ದಿದ್ದು ಅಮ್ಮ. ಈಗ ಅವರ ಮನೇಲಿರೋ ನಾಯಿನ ಕಾರಲ್ಲಿ ಕೂರಿಸ್ಕೊಂಡು ಸುತ್ತಾಡ್ಸಿದಾರೆ. ಮೊದಮೊದಲು ಇಲ್ಲ ಅಂತ ಸಾಧಿಸಿದ್ರು, ನಿನ್ನೆ ಒಪ್ಕೊಂಡ್ರು. ಇನ್ಮೇಲೆ ಮಗುನ ಇವರ ಹತ್ರ ಬಿಡಲ್ಲ ಅಂತ ಹೇಳ್ಬಿಟ್ಟಿದ್ದೀನಿ."

ಹದ್ದು ಕಾಗದದ ಮೇಲಿದ್ದ ಕೂದಲಿನ ಮೇಲೆ ಕಣ್ಣಾಡಿಸಿದ. ಒಂದು ಕ್ಷಣ ಸಾಕಾಯಿತು. ಹೊಸದಾಗಿ ಉದುರಿದ ಕೂದಲಿಗೆ ಹೊಳಪಿರುತ್ತದೆ, ಊದಿದರೆ ಬಿಡಿಬಿಡಿಯಾಗಿ ಹಾರುತ್ತದೆ. ಇದು ತಿಂಗಳುಗಟ್ಟಲೆ ಧೂಳು ಕುಡಿದು, ಕಾಲ್ತುಳಿತಕ್ಕೆ ಸಿಕ್ಕಿ, ಹಳೆಯ ಕಂಬಳಿಯ ಚೂರಿನಂತೆ ಗಟ್ಟಿಯಾಗಿತ್ತು. ಮೂರು ವಾರದಲ್ಲಿ ಯಾವ ನಾಯಿಯ ಕೂದಲೂ ಹೀಗಾಗುವುದಿಲ್ಲ. ಆ ಶೆಡ್ಡಿನಲ್ಲಿ ಇದನ್ನು ಬಲ್ಲವನು ಅವನೊಬ್ಬನೇ.

"ನೀವೇ ಸ್ವಲ್ಪ ಅಮ್ಮಂಗೆ ಬಿಡಿಸಿ ಹೇಳಿ" ಎಂದ ಕಾರಿನವನು. "ಒಂದು ಸಲ ನಾಯಿ ಕೂತ್ರೆ ಏನಾಗುತ್ತೆ ಅಂತ. ನನ್ನ ಮಾತು ಅವರ ಕಿವಿಗೆ ಬೀಳಲ್ಲ."

ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟ, ನಿಜ. ಆದರೆ ಬಂದ ಮಾತು ಬೇರೆ.

"ಹೌದಮ್ಮಾ" ಎಂದ, ಅವರ ಮುಖ ನೋಡದೆ, ಕೈಚೀಲದ ಗುಂಡಿ ನೋಡುತ್ತ. "ಒಂದೇ ಸಲ ಕೂತ್ರೂ ಸಾಕು. ಬಟ್ಟೆ ಒಳಗೆ ಹೆಣ್ಕೊಂಡುಬಿಡುತ್ತೆ. ತೆಗೆಯೋದು ಬಲು ಕಷ್ಟ."

ಒಂದೊಂದು ಮಾತೂ ನಿಜ. ಇಷ್ಟು ನಿಜಗಳನ್ನು ಪೋಣಿಸಿ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ಅವನಿಗೇ ಗೊತ್ತಿರಲಿಲ್ಲ.

ತಾಯಿ ಕಾರಿನಿಂದ ನಿಧಾನಕ್ಕೆ ಇಳಿದರು. ಎತ್ತರದ ಹೆಂಗಸು, ಹದ್ದಿನ ತಾಯಿಯ ವಯಸ್ಸಿರಬೇಕು. "ನೀನು ಅಷ್ಟು ಕಷ್ಟಪಟ್ಟು ಮಾಡಿದ ಕೆಲಸ, ನನ್ನಿಂದ ಹಾಳಾಯ್ತಪ್ಪ. ಬೇಜಾರು ಮಾಡ್ಕೋಬೇಡ" ಎಂದರು.

ಹದ್ದಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೆಲ ಸಿಮೆಂಟಿನದು, ಬಾಯಿಬಿಡಲಿಲ್ಲ. ಏನೋ ಗೊಣಗಿ, ಸ್ಪ್ಯಾನರ್ ಹಿಡಿದು ಮುಂದಿನ ಸೀಟಿನ ಬುಡದಲ್ಲಿ ಮಂಡಿಯೂರಿದ. ಈಗ ಯಾರಿಗೂ ತಿಳಿಯದಂತೆ ಎಲ್ಲ ತೆಗೆದುಬಿಟ್ಟರೆ ಮಗುವಿಗೂ ಒಳ್ಳೆಯದು, ತನಗೂ ಒಳ್ಳೆಯದು ಎಂದು ಲೆಕ್ಕ ಹಾಕಿದ. ಮೊದಲ ಬೋಲ್ಟಿನ ಮೇಲೆ ಒಂದು ಗೀರು ಫಳಫಳ ಹೊಳೆಯುತ್ತಿತ್ತು. ಅವನದೇ ಸ್ಪ್ಯಾನರ್ ಜಾರಿದ ಗುರುತು. ಬೆರಳಿನ ಗೆಣ್ಣಿನಲ್ಲಿ ಗಾಯದ ಹಕ್ಕಳೆ ಇನ್ನೂ ಉದುರಿರಲಿಲ್ಲ. ಮಗುವಿಗೇನೋ ಒಳ್ಳೆಯದಾಗುತ್ತದೆ, ಶಾಲೆಯ ಗೇಟಿನ ಹತ್ತಿರ ಇನ್ನು ಮುಂದೆ ನಿಲ್ಲಲಾಗದ ಈ ಅಜ್ಜಿಯ ಗತಿ ಏನು ಎಂದು ಆ ಗೀರು ನೋಡುತ್ತಲೇ ಯೋಚನೆ ಬಂತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಈ ಸಲ ಮೈಯ ಬಲವನ್ನೆಲ್ಲ ಹಾಕಿ ನಾಲ್ಕೂ ಬೋಲ್ಟು ಬಿಚ್ಚಿ, ಸೀಟನ್ನು ಎತ್ತಿ ಹೊರಗಿಟ್ಟ. ಅಡಿಯಲ್ಲಿ ಅಂಗೈ ಅಗಲದ ಬೂದು ಪದರ.

"ಸಾರ್, ಸ್ವಲ್ಪ ಇಲ್ಲಿ ಬನ್ನಿ" ಎಂದ. ಮಾಲೀಕನೂ ಬಂದ. "ಇದು ಹಳೇ ಕೂದಲು ಸಾರ್, ನಾಯಿ ನಿಮ್ಮನೇಲಿ ಇದ್ದಾಗಿಂದು. ನಾನು ಸೀಟು ಎತ್ತಿರ್ಲಿಲ್ಲ. ಎತ್ತಿದ್ದೀನಿ ಅಂತ ಗುರುತು ಹಾಕ್ದೆ. ನೋಡಿ, ಬೋಲ್ಟ್ ಮೇಲೆ ಗೀರು. ಒಂದು ಸಲ ತಿರುಗಿಸಿ ಬಿಟ್ಬಿಟ್ಟೆ. ಮೇಲ್ಗಡೆ ಹೊಸ ಕೂದಲು ಒಂದೂ ಇಲ್ಲ. ಅಮ್ಮ ನಾಯಿನ ಹತ್ತಿಸಿಲ್ಲ."

ಮಾಲೀಕನ ಮುಖ ಕಪ್ಪಿಟ್ಟಿತು. ಕಾರಿನವನು ಬೈಯುತ್ತಾನೆಂದು ಹದ್ದು ತಲೆ ತಗ್ಗಿಸಿ ಕಾದ. ಕಾರಿನವನು ಆಗಲೇ ತಾಯಿಯ ಕಡೆ ತಿರುಗಿದ್ದ.

"ಮತ್ತೆ ನೀನ್ಯಾಕಮ್ಮ ಹೂಂ ಅಂದೆ?"

"ನಾಲ್ಕು ಸಲ ಇಲ್ಲ ಅಂದೆ ಕಣೋ. ನೀನು ಕೇಳ್ತಾನೇ ಇದ್ದೆ. ಹೂಂ ಅಂದ್ರೆ ವಾರಕ್ಕೊಂದು ಸಲವಾದ್ರೂ ಮಗುನ ನೋಡೋಕೆ ಬಿಡ್ತೀಯೇನೋ ಅಂದ್ಕೊಂಡೆ."

ಅವನು ಕಾರಿನ ಬೀಗದ ಕೈಯನ್ನು ಅವರತ್ತ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ.

"ಅಜ್ಜಿ ಸುಳ್ಳು ಹೇಳ್ತಾಳೆ ಅಂತ ಮಗು ಎದುರಿಗೆ ಅಂದ್ಯಲ್ಲ. ಮೊದಲು ಮನೆಗೆ ಹೋಗಿ ಅದನ್ನ ಸರಿ ಮಾಡು. ಆಮೇಲೆ ಕೀಲಿ ಕೊಡು."

ಅವನು ಹೂಂಗುಟ್ಟಿ, ಕಾರಿನ ಆಚೆ ಬದಿಗೆ ಹೋಗಿ ನಿಂತುಕೊಂಡ. ಹದ್ದು ಗ್ಲೌಸ್ ತೊಟ್ಟು, ನೀರಿಗೆ ಅದ್ದಿ, ಬೂದು ಪದರದ ಮೇಲೆ ಕೈಯಿಟ್ಟ. ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆಂದು ಅವನು ತಿಳಿದಿದ್ದ. ಆಗಲಿಲ್ಲ. ಪಕ್ಕದಲ್ಲಿ ನೆರಳು ಬಿತ್ತು. ತಾಯಿ ಬಗ್ಗಿ ಅವನ ಕೈಯನ್ನೇ ನೋಡುತ್ತಿದ್ದರು.

"ಹೇಳಿದ್ದು ಒಳ್ಳೇದಾಯ್ತು" ಎಂದರು, ಮಗನಿಗೆ ಕೇಳಿಸದಷ್ಟು ಮೆಲ್ಲಗೆ. "ಆದ್ರೆ ನಾನು ಬೇಜಾರು ಮಾಡ್ಕೋಬೇಡ ಅಂತ ಕೇಳ್ಕೊಳ್ಳೋಕೆ ಮುಂಚೇನೇ ಇದು ಹಳೇ ಕೂದಲು ಅಂತ ನಿಂಗೆ ಗೊತ್ತಿತ್ತು, ಅಲ್ವೇನಪ್ಪ?"

ಹದ್ದು ಹೌದೆಂದು ತಲೆಯಾಡಿಸಿದ. ಅವರು ಹೊರಗಿಟ್ಟಿದ್ದ ಸೀಟಿನ ಮೇಲೆ ಹೋಗಿ ಕೂತರು. ಅವನು ಕೊನೆಯ ಕೂದಲು ಬರುವವರೆಗೂ ತಲೆ ಎತ್ತಲಿಲ್ಲ.