ನಾಲ್ಕು ಗಂಟೆಯೊಳಗೆ ಒಂದು ಊಟ

ಗಂಡನ ನಾಲಗೆಯನ್ನು ಬುಡಸಮೇತ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಸೊಲಾಂಜ್ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಇವನು ಊಟ ಹೇಗೆ ಮಾಡ್ತಾನೆ?”

ಹೊಟ್ಟೆಗೇ ನಳಿಗೆ ಇಡುತ್ತೇವೆ, ಅದರಲ್ಲಿ ಗಂಜಿಯಂಥದ್ದು ಬಿಡುತ್ತೇವೆ ಎಂದರು ಡಾಕ್ಟರು. ಮಾತೂ ಹೋಗುತ್ತದೆ ಎಂದು ಆಮೇಲೆ ಹೇಳಿದರು. ಅದು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಮ್ಮ ಜನರ ಹಣೆಬರಹವೇ ಇಷ್ಟು. ಬೆಟ್ಟದ ಮೇಲಿನ ಅವರ ಪುಟ್ಟ ಊರಿನಲ್ಲಿ ಸುದ್ದಿ ಹಬ್ಬಿದಾಗ ಬ್ರೆಡ್ಡಿನ ಅಂಗಡಿಯವಳು, ಪಾದ್ರಿ, ಪಕ್ಕದ ಮನೆಯ ಮುದುಕಿ, ಎಲ್ಲರೂ ಕೈ ಹಿಡಿದುಕೊಂಡು ಕೇಳಿದ್ದು ಇದನ್ನೇ. ಅಯ್ಯೋ ಪಾಪ, ಇನ್ನು ಏನು ತಿನ್ನುತ್ತಾನೆ? ಮೂವತ್ತೆಂಟು ವರ್ಷ ಮನೆಮನೆಗೆ ಕಾಗದ ಹಂಚುತ್ತಾ, ಒಂದು ಬಾಗಿಲಿನ ಸುದ್ದಿಯನ್ನು ಇನ್ನೊಂದು ಬಾಗಿಲಿಗೆ ಮುಟ್ಟಿಸಿದ ಆನ್ಸೆಲ್ಮ್ ಇನ್ನು ಮಾತಾಡುವುದು ಹೇಗೆ ಎಂದು ಒಬ್ಬರಾದರೂ ಕೇಳಬೇಕೋ ಬೇಡವೋ?

ಸೋಮವಾರ ಸಂಜೆ ನಾಲ್ಕಕ್ಕೆ ಲಿಯೋಂ ನಗರದ ಆಸ್ಪತ್ರೆಗೆ ಸೇರಬೇಕು, ಮಂಗಳವಾರ ಬೆಳಿಗ್ಗೆ ಆಪರೇಷನ್. ಸೊಲಾಂಜ್ ಅಂದೇ ತೀರ್ಮಾನ ಮಾಡಿಬಿಟ್ಟಳು: ಸೋಮವಾರ ಮಧ್ಯಾಹ್ನ ಇವನಿಗೆ ಒಂದು ಒಳ್ಳೆಯ ಊಟ ಹಾಕಿಸಬೇಕು. ಬಾಯಲ್ಲಿ ಉಣ್ಣುವ ಕಡೆಯ ಊಟ. ಹುರಿ ಮೀಸೆಯ ಹುಡುಗನಾಗಿದ್ದಾಗ ಸೈನ್ಯದ ಕೆಲಸದ ಮೇಲೆ ಲಿಯೋಂನಲ್ಲಿದ್ದವನು ನದಿಯ ಹತ್ತಿರದ ಹೋಟೆಲೊಂದರಲ್ಲಿ ತಿಂದ ಕೆನೆಲನ್ನು ಹೊಗಳದ ವರ್ಷವಿಲ್ಲ. ಮೀನು ಅರೆದು ಬೆಣ್ಣೆ, ಮೊಟ್ಟೆ ಬೆರೆಸಿ ಬೇಯಿಸಿದ ಉದ್ದನೆಯ ಕಡುಬು ಅದು, ಮೇಲೆ ಸೀಗಡಿಯ ಕೆಂಪು ಸಾರು. ಮೆತ್ತಗಿರುತ್ತದೆ, ಹುಣ್ಣಾದ ನಾಲಗೆಗೂ ಆಗುತ್ತದೆ. ಕೈಯಲ್ಲಿರುವ ಕಾಸಿಗೆ ರಾತ್ರಿಯ ಊಟ ಎಟುಕದು, ಆದರೆ ಮಧ್ಯಾಹ್ನ ಅದೇ ಅಡುಗೆ ಅರ್ಧ ಬೆಲೆಗೆ ಸಿಗುತ್ತದೆ. ಹೋಟೆಲಿನಲ್ಲಿ ದುಂದು ಮಾಡದವರೆಲ್ಲ ನಮ್ಮಲ್ಲಿ ಬದುಕುವುದೇ ಹಾಗೆ.

ಸೋಮವಾರ ರೈಲಿಳಿದಾಗ ಹನ್ನೊಂದೂವರೆ. ಆನ್ಸೆಲ್ಮನಿಗೆ ಆಗಲೇ ಮಾತಿನ ಹುಮ್ಮಸ್ಸು. ನಾಲಗೆ ದಪ್ಪಗಾಗಿ ಮಾತು ತೊದಲುತ್ತಿದ್ದರೂ ಅರ್ಥವಾಗುತ್ತಿತ್ತು.

“ಸೊಲಾಂಜ್, ಈ ಸೇತುವೆ ಮೇಲೇ ಕಣೆ ನಾನು ಒಂದ್ಸಲ...”

“ಸುಮ್ನಿರು. ಮಾತಾಡಿದ್ರೆ ನೋವು ಜಾಸ್ತಿ ಆಗತ್ತೆ. ಆಮೇಲೆ ಊಟಕ್ಕೆ ಕೂತಾಗ ಬೇಡ ಅಂತೀಯ. ಆ ನಾಲಗೆನ ಕೆನೆಲ್‌ಗೆ ಉಳಿಸ್ಕೋ.”

“ಮದುವೆಯಾದಾಗಿಂದ ನನ್ ಬಾಯಿ ಮುಚ್ಸೋದೇ ನಿನ್ ಕೆಲ್ಸ. ಇವತ್ತಾದ್ರೂ ರಜ ತಗೊಳ್ಳೆ.”

“ಊಟ ಆಗ್ಲಿ. ಆಮೇಲೆ ಎಷ್ಟು ಬೇಕೋ ಅಷ್ಟು ಹರಟು.”

ಹೋಟೆಲು ಅದೇ ಜಾಗದಲ್ಲಿತ್ತು. ಕೆಂಪು ಬಣ್ಣದ ಬಾಗಿಲೂ ಹಾಗೆಯೇ ಇತ್ತು. ಕಬ್ಬಿಣದ ಪರದೆ ಮಾತ್ರ ನೆಲದವರೆಗೆ ಇಳಿದಿತ್ತು. ಪಕ್ಕದ ಹೂವಿನಂಗಡಿಯವನು ಇವಳ ಮುಖ ನೋಡಿ ನಕ್ಕ.

“ಸೋಮವಾರ ಅಲ್ವೇನಮ್ಮ? ಭಾನುವಾರ, ಸೋಮವಾರ ಈ ಊರಲ್ಲಿ ಯಾವ ಒಳ್ಳೆ ಹೋಟ್ಲವ್ನು ಒಲೆ ಹಚ್ತಾನೆ? ನೀವು ಬೆಟ್ಟದ ಕಡೆಯವ್ರಾ?”

ಸೊಲಾಂಜ್ ಕಬ್ಬಿಣದ ಪರದೆಯನ್ನು ಒಮ್ಮೆ ಅಲುಗಾಡಿಸಿ ನೋಡಿದಳು. ಅವಳ ಊರಿನಲ್ಲಿ ಸೋಮವಾರವೇ ಸಂತೆ, ಅಂದೇ ಊಟದ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದುಡ್ಡು ಕೂಡಿಟ್ಟಳು, ದಾರಿ ವಿಚಾರಿಸಿದಳು, ಸೀಗಡಿ ಸಾರು ಬಿದ್ದು ಅಂಗಿ ಕೆಡದಂತೆ ಇವನಿಗೆ ಹೊಸ ಕರವಸ್ತ್ರ ಕೂಡ ತಂದಳು. ಇಲ್ಲಿನ ಹೋಟೆಲುಗಳಿಗೆ ರಜೆ ಯಾವ ವಾರವೆಂದು ಮಾತ್ರ ಯೋಚಿಸಲಿಲ್ಲ.

ಅಲ್ಲಿಂದ ಅಲೆದಾಟ ಶುರುವಾಯಿತು. ಎರಡನೆಯ ಹೋಟೆಲು ಮುಚ್ಚಿತ್ತು, ಮೂರನೆಯದೂ ಮುಚ್ಚಿತ್ತು. ಚೌಕದಲ್ಲಿ ತೆರೆದಿದ್ದ ಒಂದರಲ್ಲಿ ಪ್ರವಾಸಿಗರ ಬೆಲೆ, ಬೋರ್ಡು ನೋಡಿಯೇ ಅವಳು ಇವನ ತೋಳು ಹಿಡಿದು ಎಳೆದುಕೊಂಡು ಹೋದಳು. ಕಬಾಬಿನವನು ಕರೆದ, ಅವನ ರೊಟ್ಟಿಯ ಅಂಚು ಇವನ ಬಾಯಿಗೆ ಗರಗಸ. ಅಂಗಡಿಯ ತಣ್ಣನೆಯ ಡಬ್ಬಿ ಊಟವನ್ನು ಇವನೇ ಎತ್ತಿ ತೋರಿಸಿದ. ಅದನ್ನು ಕಡೆಯ ಊಟ ಎಂದು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ.

ಒಂದು ಗಂಟೆಗೆ ನದಿಯ ದಂಡೆಯ ಬೆಂಚಿನ ಮೇಲೆ ಆನ್ಸೆಲ್ಮ್ ಕೂತುಬಿಟ್ಟ. ಕಾಲು ಸೋತಿತ್ತು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

“ಬಾ, ಕೂತ್ಕೋ. ಹಸಿವಿಲ್ಲ ಕಣೆ ನಂಗೆ. ನಿನ್ ಹತ್ರ ಒಂದಷ್ಟು ಹೇಳೋದಿದೆ. ಮುಖ್ಯವಾದ್ದೇ.”

“ಎರಡು ಗಂಟೆಗೆ ಎಲ್ಲಾ ಕಡೆ ಅಡುಗೆಮನೆ ಬಾಗಿಲು ಹಾಕ್ತಾರೆ, ಇವನಿಗೆ ಪುರಾಣ ಹೇಳೋ ಹೊತ್ತು ಇದು! ಏಳು ಮಾರಾಯ.”

“ಒಂದು ಹತ್ತು ನಿಮಿಷ.”

“ಏಳು ಅಂದ್ರೆ ಏಳು. ನಾಳೆಯಿಂದ ನಳಿಗೇಲಿ ಗಂಜಿ ಕುಡೀಬೇಕಾದವನು ನೀನು. ಇವತ್ತು ಊಟ ಹಾಕಿಸ್ದೆ ಬಿಟ್ರೆ ನನ್ನ ಜೀವ ಇರೋವರೆಗೂ ಕೊರಗ್ತೀನಿ.”

ಅವನು ಬೆಂಚಿನ ಕಂಬಿ ಹಿಡಿದು ಎದ್ದ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕೂಲಿಯವರು ಉಣ್ಣುವ ಒಂದು ಹೋಟೆಲು ತೆರೆದಿರುವುದು ಕಾಣಿಸಿತು. ಒಳಗೆ ಯಾರೂ ಇರಲಿಲ್ಲ. ಬಡಿಸುವ ಹೆಂಗಸು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುತ್ತಿದ್ದಳು.

“ಮುಗೀತಮ್ಮ. ಅಡುಗೆಯವ್ರು ಒಲೆ ಆರಿಸ್ತಿದಾರೆ.”

“ಕೆನೆಲ್ ಇದ್ಯಾ? ಒಂದೇ ಒಂದು. ನಾಳೆ ಇವ್ರ ನಾಲಗೆ ತೆಗೀತಾರೆ ತಾಯಿ.”

ಆ ಹೆಂಗಸಿನ ಕೈ ನಿಂತಿತು. ನಮ್ಮ ದೇಶದಲ್ಲಿ ಎರಡು ಗಂಟೆಯ ಹೊತ್ತಿಗೆ ಮತ್ತೆ ಒಲೆ ಹಚ್ಚಿಸುವುದು ಸುಲಭವಲ್ಲ, ಆದರೆ ಹಸಿದವನ ನಾಲಗೆಯ ಮಾತು ಬಂದರೆ ಕಲ್ಲೂ ಕರಗುತ್ತದೆ. ಅವಳು ಒಳಗೆ ಹೋಗಿ ಬಂದಳು.

“ಒಂದು ಉಳಿದಿದೆ. ಬಿಸಿ ಮಾಡ್ಕೊಡ್ತಾರೆ. ಆದ್ರೆ ತಲೆಗೊಂದು ಊಟ, ಹಂಚ್ಕೊಂಡು ತಿನ್ನೋಹಾಗಿಲ್ಲ ಇಲ್ಲಿ. ನಿಮಗೆ?”

“ನಂದಾಗಿದೆ,” ಎಂದಳು ಸೊಲಾಂಜ್. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಾಫಿ. ಬ್ರೆಡ್ಡಿಗೂ ಜಗ್ಗಿನ ನೀರಿಗೂ ದುಡ್ಡು ಕೊಡಬೇಕಿಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಮಣ್ಣಿನ ತಟ್ಟೆ ಬಂತು. ಸಾರು ಇನ್ನೂ ಕೊತಕೊತ ಕುದಿಯುತ್ತಿತ್ತು, ಮಧ್ಯದಲ್ಲಿ ಕಡುಬು ಉಬ್ಬಿ ಕೂತಿತ್ತು. ವಾಸನೆಗೆ ಸೊಲಾಂಜ್‌ಳ ಕಣ್ಣು ತುಂಬಿತು. ಗೆದ್ದೆ ಅಂದುಕೊಂಡಳು.

“ಬೇಗ ಮುಗ್ಸಿ ಸ್ವಾಮಿ, ಬೀಗ ಹಾಕ್ಬೇಕು,” ಎಂದಳು ಆ ಹೆಂಗಸು ಒಳಗಿನಿಂದ.

ಆನ್ಸೆಲ್ಮ್ ಮೊದಲ ತುತ್ತು ಬಾಯಿಗಿಟ್ಟ. ಮೇಜಿನ ಅಂಚು ಹಿಡಿದುಕೊಂಡ. ಉಗುಳಲಿಲ್ಲ, ನುಂಗಿದ.

“ಹೇಗಿದೆ? ಅದೇ ರುಚಿನಾ?”

ಅವನು ತಲೆಯಾಡಿಸಿದ. ಚಮಚ ಕೆಳಗಿಡಲು ಹೋದಾಗ ಅವಳೇ ಅದನ್ನು ಎತ್ತಿ ಕೊಟ್ಟಳು.

“ಬಿಡ್ಬೇಡ. ಇಷ್ಟು ತಿರುಗಿದ್ದು ಯಾತಕ್ಕೆ? ಪೂರ್ತಿ ತಿನ್ನು, ನನ್ನಾಣೆ.”

ಅವನು ಪೂರ್ತಿ ತಿಂದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸುಖಕ್ಕೆ ಎಂದುಕೊಂಡಳು ಅವಳು. ತಟ್ಟೆಗೆ ಅಂಟಿದ ಸಾರನ್ನು ತನ್ನ ಬ್ರೆಡ್ಡಿನಿಂದ ಬಳಿದು ತಿಂದಳು. ನಿಜಕ್ಕೂ ರುಚಿಯಾಗಿತ್ತು. ಹೊಸ ಕರವಸ್ತ್ರದಿಂದ ಅವನು ಬಾಯಿ ಒರೆಸಿಕೊಂಡಾಗ ಬಟ್ಟೆಯಲ್ಲಿ ಸಾರಿಗಿಂತ ಗಾಢವಾದ ಕೆಂಪಿತ್ತು. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆಸ್ಪತ್ರೆಗೆ ಹೋಗುವ ಟ್ರಾಮಿನಲ್ಲಿ ಅವನು ಅವಳ ಕೈ ಹಿಡಿದುಕೊಂಡು ಕೂತಿದ್ದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. “ಈಗ ಆರಾಮಾಗಿ ಕೂತ್ಕೋ,” ಎಂದಳು ಅವಳು ತೃಪ್ತಿಯಿಂದ.

ವಾರ್ಡಿನ ನರ್ಸು ಹಸನ್ಮುಖಿ, ನಡುವಯಸ್ಸಿನವಳು. ಮಂಚ ತೋರಿಸಿ, ಅಂಗಿ ಬದಲಿಸಲು ಕೊಟ್ಟು, ಕಾಗದದಲ್ಲಿ ಬರೆದುಕೊಳ್ಳುತ್ತಾ ಕೇಳಿದಳು:

“ಇವತ್ತು ಇಬ್ರೂ ಚೆನ್ನಾಗಿ ಮಾತಾಡ್ಕೊಂಡ್ರಾ? ಈ ಆಪರೇಷನ್‌ಗೆ ಬರೋರಿಗೆಲ್ಲ ನಾನು ಹೇಳೋದು ಅದೇ, ಬರೋ ಮುಂಚೆ ಮನಸಾರೆ ಮಾತಾಡಿ ಬನ್ನಿ ಅಂತ. ಕೆಲವ್ರು ಫೋನಲ್ಲಿ ದನಿ ಹಿಡಿದಿಟ್ಕೋತಾರೆ. ನೀವು?”

“ನಾವು ಊಟ ಮಾಡಿದ್ವಿ,” ಎಂದಳು ಸೊಲಾಂಜ್.

ಹಾಗೆಂದವಳೇ ಮಂಚದ ಅಂಚಿಗೆ ಹೋಗಿ ಅವನ ಎರಡೂ ಭುಜ ಹಿಡಿದಳು.

“ಹೇಳು ಈಗ. ಬೆಂಚಿನ ಹತ್ರ ಏನೋ ಹೇಳ್ಬೇಕು ಅಂದ್ಯಲ್ಲ. ಸೇತುವೆ ಮೇಲೆ ಏನಾಗಿತ್ತು? ಎಲ್ಲಾ ಹೇಳು. ಇನ್ನೂ ರಾತ್ರಿವರೆಗೂ ಹೊತ್ತಿದೆ.”

ಆನ್ಸೆಲ್ಮ್ ಬಾಯಿ ತೆರೆದ. ಒಳಗೆ ನಾಲಗೆ ಬೊಬ್ಬೆಯೆದ್ದು ಊದಿ ಬಾಯಿ ತುಂಬಿತ್ತು. ಗಂಟಲಿನಿಂದ ಒಂದು ಸದ್ದು ಬಂತು, ಮತ್ತೆ ಇನ್ನೊಂದು. ಯಾವುದೂ ಮಾತಾಗಲಿಲ್ಲ.

“ನನ್ ಹೆಸರಾದ್ರೂ ಕರಿ.”

“ಒ... ಆಂ,” ಎಂದ ಅವನು. ಜೊಲ್ಲಿನ ಜೊತೆ ರಕ್ತ ಇಳಿಯಿತು. ನರ್ಸು ಓಡಿ ಬಂದು ಬಾಯಿ ನೋಡಿ, “ಅಯ್ಯೋ, ಸುಟ್ಟಿದೆಯಲ್ಲ! ಇಷ್ಟು ಬಿಸಿ ಯಾರು ಕೊಟ್ರು ಇವ್ರಿಗೆ?” ಎಂದು ಬೈದಳು. ಇನ್ನು ಬಾಯಿ ಆಡಿಸಕೂಡದು ಎಂದು ಹೇಳಿ ಒಂದು ಬಿಳಿ ಹಲಗೆ, ಪೆನ್ನು ತಂದುಕೊಟ್ಟಳು.

ಊರಿನವರ ಕಾಗದವನ್ನೆಲ್ಲ ಹೊತ್ತ ಆನ್ಸೆಲ್ಮ್ ತಾನಾಗಿ ಒಂದು ಕಾಗದ ಬರೆದವನಲ್ಲ, ಬಾಯಿಯೇ ಅವನ ಬಂಡವಾಳ. ಅವನು ಪೆನ್ನಿನ ಮುಚ್ಚಳ ತೆಗೆದು ಹಲಗೆಯನ್ನು ಮಡಿಲಿಗೆ ಎಳೆದುಕೊಂಡ. ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದು ಅವಳ ಕಡೆ ತಿರುಗಿಸಿದ. “ಊಟ ಚೆನ್ನಾಗಿತ್ತು.”

ಸೊಲಾಂಜ್ ಅದನ್ನು ತೋಳಿನಿಂದ ಅಳಿಸಿದಳು. “ಇದಲ್ಲ. ಇನ್ನೊಂದು. ಆ ಇನ್ನೊಂದು ಬರಿ.”

ಅವನು ಇಲ್ಲವೆಂದು ತಲೆಯಾಡಿಸಿದ. ಪೆನ್ನಿನ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟ.